ಪರದೆ ಇಳಿಸಿದ ಬೆರಳು

"ಏನ್ರೀ, ಪರದೆ ಯಾಕ್ರೀ ಇಳಿಸಿದ್ರಿ?!"

ರಂಗದ ಎಡಗಡೆಯ ಸೈಡ್‌ವಿಂಗಿನಿಂದ ಅವಳು ಕೂಗಿದ ರಭಸಕ್ಕೆ ಮೇಕಪ್ ರೂಮಿನಲ್ಲಿದ್ದವರೆಲ್ಲ ಅರ್ಧ ಮೀಸೆ ಅಂಟಿಸಿಕೊಂಡೇ ಓಡಿ ಬಂದರು.

"ನೀವೇ ಸನ್ನೆ ಮಾಡಿದ್ರಲ್ಲ!" ಬಲಗಡೆಯಿಂದ ಅವನೂ ಅಷ್ಟೇ ಜೋರಾಗಿ ಕೂಗಿದ. ಹಗ್ಗ ಇನ್ನೂ ಅವನ ಕೈಯಲ್ಲೇ ಇತ್ತು.

ನಡುವೆ, ದಪ್ಪ ಕೆಂಪು ಪರದೆಯ ಅಡಿಯಲ್ಲಿ ಮಹಾರಾಜರು ಸಿಕ್ಕಿಕೊಂಡು ಒದ್ದಾಡುತ್ತಿದ್ದರು. ಸಾಯುವ ದೃಶ್ಯದಲ್ಲಿ ಅವರಿಗಿದ್ದ ಉದ್ದನೆಯ ಮಾತು ಇನ್ನೂ ಅರ್ಧವೂ ಮುಗಿದಿರಲಿಲ್ಲ.

"ಅಯ್ಯೋ, ಯಾರಾದ್ರೂ ಎತ್ರಪ್ಪಾ! ಇಲ್ದಿದ್ರೆ ನಿಜವಾಗ್ಲೂ ಸತ್ತೋಗ್ತೀನಿ!"

ಅವಳು ಆ ತಂಡದ ರಂಗ ನಿರ್ವಾಹಕಿ. ದೀಪ, ಸಂಗೀತ, ಪರದೆ ಯಾವುದೂ ಅವಳ ಕೈಸನ್ನೆಯಿಲ್ಲದೆ ಅಲ್ಲಾಡುವಂತಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು 'ಸನ್ನೆ ಮೇಡಂ'. ಅವನೋ, ಲಿಫ್ಟ್ ಮೆಕ್ಯಾನಿಕ್. ಪರದೆಯ ತುಕ್ಕು ಹಿಡಿದ ರಾಟೆ ಸರಿಮಾಡಲು ಬಂದವನು, ನಾಟಕದ ರುಚಿ ಹತ್ತಿ ಅಲ್ಲೇ ಉಳಿದುಬಿಟ್ಟಿದ್ದ. ಹಗ್ಗ ಅವನ ಕೈಗೆ ಸಿಕ್ಕಿದ್ದೇ ಇವತ್ತಿನ ತಾಲೀಮಿನಲ್ಲಿ. ಮೇಡಂ ಕೈ ಎತ್ತಿದರೆ ಸಿದ್ಧನಾಗಬೇಕು, ಬೆರಳು ಮಡಚಿದರೆ ಪರದೆ ಬಿಡಬೇಕು. ಇಷ್ಟೇ ಅವನಿಗೆ ಹೇಳಿಕೊಟ್ಟಿದ್ದ ಪಾಠ.

"ನಾನು ಬೆರಳು ಮಡಚಲೇ ಇಲ್ಲ!"

"ಮಡಚಿದ್ರಿ ರೀ! ಮಡಚಿ..." ಅವನು ದನಿ ತಗ್ಗಿಸಿದ. "ಕಣ್ಣೂ ಹೊಡೆದ್ರಿ."

ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಅವಳು ಮಾತ್ರ ಮೆಲ್ಲಗೆ ತನ್ನ ಬಲಗೈ ನೋಡಿಕೊಂಡಳು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಕಾಣದ ಹಾರ್ಮೋನಿಯಂ ನುಡಿಸುತ್ತಿದ್ದವು. ಗಬಕ್ಕನೆ ಕೈಯನ್ನು ಜೇಬಿಗೆ ತುರುಕಿದಳು.

'ಅಂದ್ರೆ... ಪರದೆ ಇಳಿಸಿದ್ದು ನಾನೇನಾ?'

ಅಷ್ಟರಲ್ಲಿ ನಿರ್ದೇಶಕರು ಬಂದರು. ಎಲ್ಲರಿಗೂ ಅವರು ಮೇಷ್ಟ್ರು, ಸಿಟ್ಟು ಸದಾ ಮೂಗಿನ ತುದಿಯಲ್ಲೇ.

"ಯಾರ ತಪ್ಪಿದು?"

ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿಬಿಟ್ಟ. "ನಂದೇ ಸಾರ್. ಕೈ ಜಾರ್ತು."

ಯಾಕೆ ಹಾಗಂದ? ಅವಳಿಗೆ ತಿಳಿಯಲಿಲ್ಲ. 'ಇಲ್ಲ ಮೇಷ್ಟ್ರೇ, ನಂದು' ಎನ್ನುವಷ್ಟು ಧೈರ್ಯವೂ ಬರಲಿಲ್ಲ.

ಒಂದು ಕಾಲವಿತ್ತು. ಇಲ್ಲದ ದನಿಗಳು ಕಿವಿಯಲ್ಲಿ ಮಾತಾಡಿ, ಮಾತಾಡಿ, ಅವಳು ಕೋಣೆಯ ಚಿಲಕ ಹಾಕಿಕೊಂಡು ಕೂತುಬಿಟ್ಟಿದ್ದ ಕಾಲ. ಮನೋವೈದ್ಯರು ಕೊಟ್ಟ ಮಾತ್ರೆ ಆ ಚಿಲಕ ತೆಗೆಸಿತು. ನಿದ್ದೆ ಬಂತು, ನಗು ಬಂತು, ನಾಟಕ ಬಂತು! ಅದೇ ಮಾತ್ರೆಯನ್ನು ವರ್ಷಗಳಿಂದ ತಪ್ಪದೆ ನುಂಗುತ್ತಿದ್ದಳು. ಈಚೆಗೆ ಮಾತ್ರ ತುಟಿ ತಾನಾಗಿ ಮುದುಡುತ್ತಿತ್ತು. ಎಡಗಣ್ಣು ಪಟ್ಟನೆ ಮುಚ್ಚಿ ತೆರೆಯುತ್ತಿತ್ತು. ತುಟಿಯ ಆಟ ಕಾಣದಿರಲೆಂದು ದಿನವಿಡೀ ಚೂಯಿಂಗ್ ಗಮ್ ಜಗಿಯುತ್ತಿದ್ದಳು. ಜನ ಅದನ್ನು ಕೊಬ್ಬು ಎಂದುಕೊಂಡರು, ಅಂದುಕೊಳ್ಳಲಿ ಎಂದು ಅವಳೂ ಸುಮ್ಮನಿದ್ದಳು. ವಿಷಯ ಗೊತ್ತಿದ್ದದ್ದು ತಂಡಕ್ಕೆ ಉಡುಪು ಹೊಲಿಯುವ ಅವಳ ಅಕ್ಕನಿಗೆ ಮಾತ್ರ.

ಆದರೆ ಬೆರಳು? ಬೆರಳೂ ಕೈಕೊಟ್ಟರೆ ಸನ್ನೆ ಮೇಡಂಗೆ ಉಳಿಯುವುದೇನು?

ಮರುದಿನ ತಾಲೀಮು. ಎದುರಿನ ಸೈಡ್‌ವಿಂಗಿನಲ್ಲಿ ಅವನು ಹಗ್ಗ ಹಿಡಿದು ನಿಂತಿದ್ದ, ಶರ್ಟಿಗೆ ಇಸ್ತ್ರಿ ಬೇರೆ! ಅವಳತ್ತ ನೋಡಿದ. ನಕ್ಕ. ಆಮೇಲೆ... ಕಣ್ಣು ಹೊಡೆದ!

ಅವಳ ಮೈಯೆಲ್ಲ ಉರಿದುಹೋಯಿತು. 'ಅಣಕಿಸ್ತಿದ್ದಾನೆ! ನನ್ನ ಥರಾನೇ ಮಾಡಿ ತೋರಿಸ್ತಿದ್ದಾನೆ!'

ಬಿಡುವಾದದ್ದೇ ತಡ, ರಂಗವನ್ನು ದಾಟಿ ಅವನೆದುರು ನಿಂತಳು.

"ನಾಚಿಕೆ ಆಗಲ್ವೇನ್ರೀ ನಿಮಗೆ? ಇನ್ನೊಬ್ಬರ ಕಷ್ಟ ನೋಡಿ ಆಡ್ಕೊಳ್ತೀರಲ್ಲ!"

"ಆಡ್ಕೊಂಡೆನಾ?! ನೀವು ಹೊಡೆದ್ರಿ, ಅದಕ್ಕೇ ನಾನೂ..."

"ನಾನು ಹೊಡೀಲಿಲ್ಲ! ಅದು ತಾನಾಗೇ ಹೊಡ್ಕೊಳ್ಳುತ್ತೆ!" ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. "ಮನಸ್ಸಿನ ಕಾಯಿಲೆಗೆ ಮಾತ್ರೆ ತಗೋತೀನಿ. ಅದರಿಂದ ಹೀಗಾಗ್ತಿದೆ. ತಿಳೀತಾ? ಈಗ ಹೋಗಿ ಎಲ್ಲರಿಗೂ ಡಂಗುರ ಸಾರಿ!"

ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಹಗ್ಗವನ್ನು ಗೂಟಕ್ಕೆ ಸುತ್ತಿ, ತಲೆ ತಗ್ಗಿಸಿ ಹೊರಟೇಹೋದ. ಮರುದಿನ ತಾಲೀಮಿಗೂ ಬರಲಿಲ್ಲ.

'ನೋಡಿದ್ಯಾ? ಮಾತ್ರೆ ಅಂದ ಕೂಡ್ಲೇ ಓಡಿಹೋದ.'

ನಿಜ ಹೇಳಬೇಕೆಂದರೆ, ಅವನು ಓಡಿಹೋದದ್ದಕ್ಕೆ ಇಷ್ಟು ನೋವಾಗಬೇಕಾಗಿರಲಿಲ್ಲ. ಆಯಿತು. ಆಗಲೇ ಅವಳಿಗೆ ಗೊತ್ತಾದದ್ದು, ಆ ಇಸ್ತ್ರಿ ಶರ್ಟು ತನಗೆ ಇಷ್ಟವಾಗಿತ್ತೆಂದು!

ಅದರ ಮಾರನೆಯ ಬೆಳಿಗ್ಗೆ ಮಾತ್ರೆಯನ್ನು ಬಾಯಿಗೆ ಹಾಕಿಕೊಳ್ಳದೆ ಸಿಂಕಿನ ಹತ್ತಿರ ನಿಂತಿದ್ದಳು. ಹಿಂದಿನಿಂದ ಅಕ್ಕ ಬಂದು ಮಣಿಕಟ್ಟು ಹಿಡಿದಳು.

"ಏನೇ ಮಾಡ್ತಿದ್ದೀಯಾ?"

"ಬೇಡ ಕಣೇ ಅಕ್ಕ. ಇದನ್ನ ಬಿಟ್ಟರೆ ಕೈ ನಿಲ್ಲುತ್ತೆ. ನಾಡಿದ್ದೇ ನಾಟಕ."

"ಕೈ ನಿಲ್ಲುತ್ತೋ ಇಲ್ವೋ... ಆ ದನಿಗಳು ವಾಪಸ್ ಬಂದ್ರೆ? ಮತ್ತೆ ಬಾಗಿಲಾಚೆ ಕೂತು ನಿನ್ನ ಹೆಸರು ಕರೀತಾ ಇರೋ ಶಕ್ತಿ ನನಗಿಲ್ವೇ!" ಅಕ್ಕನ ಕಣ್ಣು ತುಂಬಿತು. "ನಿನ್ನ ದಮ್ಮಯ್ಯ, ಡಾಕ್ಟರನ್ನ ಕೇಳೋಣ ನಡಿ."

ಡಾಕ್ಟರಮ್ಮ ಅವಳ ನಾಲಿಗೆ, ತುಟಿ, ಬೆರಳು ಎಲ್ಲ ನೋಡಿದರು. ನಡೆಸಿ ನೋಡಿದರು.

"ಇದನ್ನ ಯಾಕಮ್ಮ ಬಚ್ಚಿಟ್ಟೆ? ಈ ಥರದ ಮಾತ್ರೆ ತುಂಬ ದಿನ ತಗೊಂಡವರಲ್ಲಿ ಕೆಲವರಿಗೆ ಹೀಗಾಗುತ್ತೆ. ನಿನ್ನ ತಪ್ಪೇನಿಲ್ಲ. ಆದ್ರೆ ನೀನಾಗೇ ಮಾತ್ರೆ ನಿಲ್ಲಿಸಬೇಡ. ಬೇರೆ ಮಾತ್ರೆಗೆ ನಿಧಾನವಾಗಿ ಬದಲಾಯಿಸೋಣ. ಈ ಅಲುಗಾಟಕ್ಕೂ ಔಷಧಿ ಇದೆ."

"ಪೂರ್ತಿ ಹೋಗುತ್ತಾ ಮೇಡಂ?"

"ಕಡಿಮೆ ಆಗಬಹುದು. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲಾರೆ."

ಮೆಟ್ಟಿಲಿಳಿಯುವಾಗ ಅವಳು ಬಾಯಲ್ಲಿದ್ದ ಗಮ್ ಉಗುಳಿದಳು. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿತ್ತು!

ಸೀದಾ ರಂಗಮಂದಿರಕ್ಕೆ ಹೋಗಿ, ತಂಡದವರನ್ನೆಲ್ಲ ಕೂಡಿಸಿ, ಎಲ್ಲವನ್ನೂ ಹೇಳಿಬಿಟ್ಟಳು.

"ಆವತ್ತು ಪರದೆ ಬಿದ್ದದ್ದು ಹಗ್ಗ ಹಿಡಿದಿದ್ದವರ ತಪ್ಪಿನಿಂದಲ್ಲ. ನನ್ನ ಬೆರಳಿನಿಂದ. ನಾನು ಮಾಡಿದ್ದಲ್ಲ, ಆದ್ರೂ ಬೆರಳು ನನ್ನದೇ. ನೀವು ಬೇಡ ಅಂದ್ರೆ ನಾಡಿದ್ದು ನಾನು ಈ ಜಾಗದಲ್ಲಿ ನಿಲ್ಲಲ್ಲ. ಆದರೆ... ನನಗೆ ನಿಲ್ಲೋಕೆ ಆಸೆ ಇದೆ."

ಮಹಾರಾಜರೇ ಮೊದಲು ಗಂಟಲು ಸರಿಮಾಡಿಕೊಂಡರು.

"ನೀನಿಲ್ದಿದ್ರೆ ನಾನು ಯಾವಾಗ ಸಾಯಬೇಕು ಅಂತ ಯಾರಮ್ಮ ಹೇಳ್ತಾರೆ?"

ನಗು ಎದ್ದಿತು. ಮೇಷ್ಟ್ರು ಮಾತ್ರ ನಗಲಿಲ್ಲ. "ನಿಲ್ಲು. ಆದ್ರೆ ಸನ್ನೆಗೆ ಏನು ಮಾಡ್ತೀಯ?"

"ಕೈ ಎತ್ತೋದು ಬೇಡ ಮೇಷ್ಟ್ರೇ. ನಾನು ಬೇಕು ಅಂತಲೇ ಮಾಡಿದ್ರೆ ಮಾತ್ರ ಆಗೋವಂಥದ್ದು ಏನಾದ್ರೂ ಬೇಕು."

"ಲಿಫ್ಟಿನ ಬಟನ್ ಆಗುತ್ತಾ?"

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಅವನು! ಯಾವಾಗ ಬಂದು ನಿಂತಿದ್ದನೋ, ಎಷ್ಟು ಕೇಳಿಸಿಕೊಂಡಿದ್ದನೋ.

"ಇಲ್ಲಿ ಒತ್ತಿದ್ರೆ ನನ್ನ ಕಡೆ ದೀಪ ಹತ್ತುತ್ತೆ," ಎಂದ, ಅವಳನ್ನು ನೋಡದೆ. "ಸ್ಪ್ರಿಂಗ್ ಬಿಗಿ ಮಾಡ್ತೀನಿ. ಬೆರಳು ತಾಗಿದ್ರೆ ಏನೂ ಆಗಲ್ಲ. ಒತ್ತಿ ಹಿಡೀಬೇಕು."

ಸಂಜೆಯೊಳಗೆ ತಂತಿ ಎಳೆದ. ಅವಳು ಒತ್ತಿ ನೋಡಿದಳು. "ಇನ್ನೂ ಬಿಗಿ ಬೇಕು." ಮತ್ತೆ ಬಿಗಿ ಮಾಡಿದ. "ಇನ್ನೂ." ಮರುಮಾತಿಲ್ಲದೆ ಮಾಡಿದ. ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ, ಪುಣ್ಯಾತ್ಮ!

ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿ ತುಳುಕಿತು. ಅವಳ ಕಣ್ಣು ಮಿಟುಕಿತು, ತುಟಿ ಮುದುಡಿತು, ಬೆರಳು ಕುಣಿದವು. ಕುಣಿಯಲಿ! ಮಹಾರಾಜರು ಕೊನೆಯ ಮಾತಾಡಿ ಬಿದ್ದರು. ಒಂದು ಉಸಿರು... ಇನ್ನೊಂದು ಉಸಿರು... ಅವಳು ಹೆಬ್ಬೆರಳಿಂದ ಒತ್ತಿ ಹಿಡಿದಳು.

ಎದುರು ಬದಿಯಲ್ಲಿ ದೀಪ ಹತ್ತಿತು. ಪರದೆ ಗಂಭೀರವಾಗಿ ಇಳಿಯಿತು.

ಆಮೇಲೆ ಕಿವಿ ಕಿವುಡಾಗುವಂಥ ಚಪ್ಪಾಳೆ! ಮೇಷ್ಟ್ರು ಯಾರನ್ನು ತಬ್ಬಿಕೊಳ್ಳುತ್ತಿದ್ದೇನೆಂದು ನೋಡದೆ ಅಕ್ಕನ ಹೊಲಿಗೆ ಯಂತ್ರವನ್ನೇ ತಬ್ಬಿಕೊಂಡರು.

ಎಲ್ಲರೂ ಬಣ್ಣ ಅಳಿಸಲು ಹೋದ ಮೇಲೆ ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಅವನು ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

"ಆವತ್ತು ಯಾಕೆ ಓಡಿಹೋದ್ರಿ?" ಅವಳೇ ಕೇಳಿದಳು. "ಮಾತ್ರೆ ಅಂದಿದ್ದಕ್ಕಾ?"

"ಅಯ್ಯೋ, ಛೆ ಛೆ!" ಅವನು ಗಾಬರಿಯಾಗಿ ತಿರುಗಿದ. "ನಾಚಿಕೆಗೆ ರೀ! ನೀವು ನನ್ನನ್ನ ಇಷ್ಟಪಟ್ಟಿದ್ದೀರ ಅಂದ್ಕೊಂಡು ಊರೆಲ್ಲ ಕುಣೀತಿದ್ದೆ. ಅದಲ್ಲ ಅಂತ ಗೊತ್ತಾದಾಗ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು."

ಅವಳಿಗೆ ನಗು ಬಂತು, ಅಳುವೂ ಬಂತು.

"ಆವತ್ತು ತಪ್ಪು ನಿಮ್ಮ ಮೇಲೆ ಹಾಕ್ಕೊಂಡ್ರಲ್ಲ, ಅದು?"

"ನಿಮ್ಮ ಮುಖ ಬಾಡಿತ್ತು. ನೋಡೋಕಾಗಲಿಲ್ಲ." ಅವನು ಶರ್ಟಿನ ತೋಳು ಸರಿಮಾಡಿಕೊಂಡ. "ನೀವು ಇಷ್ಟಪಡಲಿಲ್ಲ, ಸರಿ. ಆದ್ರೆ ನಾನು ಪಟ್ಟಿದ್ದು ಹಾಗೇ ಇದೆ. ಅದಕ್ಕೇನು ಮಾಡಲಿ?"

ಅವಳು ಬಲಗೈಯನ್ನು ಜೇಬಿಗೆ ತುರುಕಿದಳು.

"ಕಾಯಿಲೆ ಮತ್ತೆ ಬರಬಹುದು. ಮಾತ್ರೆ ಜೀವನಪೂರ್ತಿ ಇರಬಹುದು. ಈ ಕೈ... ಮದುವೆ ಮನೇಲೂ ಹೀಗೇ ಇರುತ್ತೆ. ಜನ ನೋಡ್ತಾರೆ."

"ಮದುವೆ ಅಂದ್ರಾ?!"

ಅವಳು ನಾಲಿಗೆ ಕಚ್ಚಿಕೊಂಡಳು. ಕೆನ್ನೆ ಕೆಂಪಾಯಿತು. ಬಾಯಿಂದ ಬಂದದ್ದನ್ನು ವಾಪಸ್ ನುಂಗಲಾದೀತೇ? ನುಂಗುವುದು ಬೇಡವೆಂದೂ ಅನ್ನಿಸಿತು.

"ಅಂದೆ," ಎಂದಳು. "ನಾನೇ ಅಂದೆ. ಬೇಕು ಅಂತಲೇ ಅಂದೆ."

ಅವನು ಮೆಟ್ಟಿಲು ಹತ್ತಿ ಪಕ್ಕದಲ್ಲಿ ಕೂತ. ಅವಳು ಜೇಬಿನಿಂದ ಬಲಗೈ ತೆಗೆದು ಅವನ ಅಂಗೈಯಲ್ಲಿಟ್ಟಳು. ಬೆರಳುಗಳು ಅಲ್ಲೂ ಸುಮ್ಮನಿರಲಿಲ್ಲ.

"ಗಟ್ಟಿಯಾಗಿ ಹಿಡ್ಕೊಳ್ಳಲಾ? ನಿಲ್ಲುತ್ತಾ?"

"ನಿಲ್ಲಲ್ಲ," ಎಂದಳು ಅವಳು. "ಆದ್ರೂ ಹಿಡ್ಕೊಳ್ಳಿ."