ಹಾಯಿಬಟ್ಟೆಯ ಹೆಣ

“ಗೊಂಬೆಗೆ ಹೆಸರಿಟ್ಟು ಕೂಗಿ ನೀರಿಗೆ ಬಿಡೋದು ಮಾಟ ಮಾಡೋರ ಕೆಲ್ಸ ಕಣಪ್ಪ. ನನ್ನ ಕೈಲಿ ಆಗಲ್ಲ,” ಎಂದ ಆವಲಪ್ಪ.

ನಿರ್ದೇಶಕ ಮೋಹನ್‌ಬಾಬು ಹಣೆ ಚಚ್ಚಿಕೊಂಡ. ಕಡಲನ್ನೇ ಕಾಣದ ಮೇಲೂರಿನ ಹೊರಗೆ, ಮುಚ್ಚಿಹೋದ ರೇಷ್ಮೆ ಗೋದಾಮಿನೊಳಗೆ ಅವನು ಹಾಯಿಹಡಗೊಂದನ್ನು ಕಟ್ಟಿಸಿದ್ದ. ನೂರೆಪ್ಪತ್ತು ವರ್ಷದ ಹಿಂದೆ ಚಿನ್ನ ಅಗೆಯುವ ಆಸೆಗೆ ಮದರಾಸಿನಿಂದ ಆಸ್ಟ್ರೇಲಿಯಾಕ್ಕೆ ಹೊರಟವರ ಕತೆ, ವೆಬ್ ಸೀರೀಸು. ಹಿಪ್ಪುನೇರಳೆ ತೋಟ ಬಿಟ್ಟು ಉಮೇದಿನಿಂದ ಬಂದಿದ್ದ ಮುದುಕ ಆವಲಪ್ಪನಿಗೆ ಹಡಗಿನ ಮೇಸ್ತ್ರಿಯ ಪಾತ್ರ. ಜ್ವರದಲ್ಲಿ ಸತ್ತವನ ಹೆಸರು ಕೂಗಿ, ಹಾಯಿಬಟ್ಟೆಯಲ್ಲಿ ಹೊಲಿದ ಹೆಣವನ್ನು ಕಡಲಿಗೆ ಜಾರಿಸಬೇಕು. ಸಂಜೆಯೊಳಗೆ ಇದು ಮುಗಿಯದಿದ್ದರೆ ಸೀರೀಸು ಬೇರೆಯವನ ಕೈಗೆ ಹೋಗುತ್ತದೆಂದು ನಿರ್ಮಾಪಕರು ಕಡ್ಡಿ ಮುರಿದಂತೆ ಹೇಳಿದ್ದರು.

ಬೆಳಗಿನಿಂದ ಎಲ್ಲವೂ ಎಡವಟ್ಟು. ಹಡಗಿನ ಹೊಟ್ಟೆಯಲ್ಲಿ ಒತ್ತೊತ್ತಾಗಿ ಮಲಗಿದ್ದ ಊರಿನವರು ಸೆಖೆಗೆ ನಿಜಕ್ಕೂ ವಾಂತಿ ಮಾಡಿಕೊಂಡರು. ಹುಳುಬಿದ್ದ ಅಕ್ಕಿಗಂಜಿ, ಡಾಂಬರು, ಬೆವರು, ಗೋಡೆಗಂಟಿದ ಸತ್ತ ರೇಷ್ಮೆಹುಳುವಿನ ಹಳೇ ನಾತ ಎಲ್ಲ ಸೇರಿ ಆ ಕತ್ತಲೆಯೇ ಗಬ್ಬು ನಾರುತ್ತಿತ್ತು. ಹುಲ್ಲಿನ ಹೆಣವಂತೂ ಮುಳುಗಲೊಲ್ಲದು. ಕಲ್ಲು ಕಟ್ಟಿದರೂ, ಕಡಲೆಂದು ಕಟ್ಟಿಸಿದ್ದ ಸೊಂಟದ ಮಟ್ಟದ ನೀರಿನ ತೊಟ್ಟಿಯಲ್ಲಿ ಬುಳಕ್ಕನೆ ಮೇಲೆದ್ದು ತೇಲುತ್ತಿತ್ತು. ಹೊಲಿಯುವ ಮುಂಚೆ ಕ್ಯಾಮೆರಾಗೆ ತೋರಿಸಬೇಕಾದ ಅದರ ಅಂಗಿ ಎಳೆದಾಟದಲ್ಲಿ ಹರಿದುಹೋಯಿತು. ಮೋಹನ್‌ಬಾಬು ತನ್ನ ಬೆವರಂಗಿಯನ್ನೇ ಬಿಚ್ಚಿ ತೊಡಿಸಿ ಮತ್ತೆ ಹೊಲಿಸಿದ.

ಈಗ ಈ ಮುದುಕನ ಹಟ ಬೇರೆ. ಮಾಟಕ್ಕೆ ನೀನು ತೊಟ್ಟ ಬಟ್ಟೆಯೂ ಸೇರಿತಲ್ಲಪ್ಪ, ಇನ್ನು ಹೆಸರೊಂದೇ ಬಾಕಿ ಎಂದು ಆವಲಪ್ಪ ಗೋಗರೆದ. ಇಷ್ಟು ಜನರ ಮುಂದೆ ಇಂಥ ಮಾತಿಗೆ ಸೋಲಬೇಕೇ ಎಂದು ಮೋಹನ್‌ಬಾಬುಗೆ ಅಳುವೇ ಬಂತು.

“ಯಾರ ಹೆಸರು ಹೇಳಕ್ಕೂ ಭಯಾನಾ? ನನ್ನ ಹೆಸರೇ ಕೂಗಿ. ಏನಾಗುತ್ತೋ ನೋಡೇಬಿಡಣ.”

ಕ್ಯಾಮೆರಾ ಓಡಿತು. ಆವಲಪ್ಪ ಮೋಹನ್‌ಬಾಬುವಿನ ಹೆಸರು ಕೂಗಿದ. ಹೆಣವಿಟ್ಟ ಹಲಗೆ ಓರೆಯಾಯಿತು. ಹೆಣ ಜಾರಿತು. ಈ ಸಲ ಸದ್ದೇ ಇಲ್ಲದೆ ಮುಳುಗಿತು.

ಅಬ್ಬಾ, ಮುಗಿಯಿತು ಎಂದು ಮೋಹನ್‌ಬಾಬು ಕಟ್ ಅನ್ನಲು ಬಾಯಿ ತೆರೆದ. ಬಾಯಿ ತುಂಬ ನೀರು. ಉಪ್ಪುನೀರು. ಉಗುಳಿದ. ಮತ್ತೆ ತುಂಬಿತು. ಕಣ್ಣಿಗೆ ಕತ್ತಲು. ಎದೆಯ ಮೇಲೆ ಕಲ್ಲಿನ ಭಾರ. ಕೈ ಎತ್ತಲು ನೋಡಿದ. ಕೈ ಮೈಗೆ ಹೊಲಿದಂತಿತ್ತು. ಕುಸಿದು ಬಿದ್ದ. ಉಸಿರು ಬೇಕು. ಒಂದೇ ಒಂದು ಉಸಿರು.

“ಹೆಣ ಎತ್ರಪ್ಪ, ಹೊಲಿಗೆ ಬಿಚ್ಚಬೇಕು,” ಎನ್ನುತ್ತ ಆವಲಪ್ಪ ಕತ್ತರಿ ಕಸಿದುಕೊಂಡು ತೊಟ್ಟಿಗೆ ಹಾರಿದ. ಹಿಂದೆಯೇ ಹತ್ತಾರು ಜನ ಇಳಿದು ಕಾಲಲ್ಲಿ ತಡಕಿದರು, ಕೈಯಲ್ಲಿ ಬಾಚಿದರು. ಕ್ಯಾಮೆರಾ ಹಿಡಿದಿದ್ದ ಭಾನುಪ್ರಿಯಾ ಓಡಿಹೋಗಿ ತೊಟ್ಟಿಯ ತೂಬು ಕಿತ್ತಳು. ನೀರು ಭೋರೆಂದು ಹರಿದುಹೋಯಿತು.

ಅಷ್ಟರಲ್ಲಿ ಹಡಗಿನ ಮೇಲೆ ಮೋಹನ್‌ಬಾಬು ಒದ್ದಾಡುವುದು ನಿಂತಿತ್ತು. ಬರಿದಾದ ತೊಟ್ಟಿಯಲ್ಲಿ, ಕತ್ತರಿ ಹಿಡಿದು ನಿಂತ ಆವಲಪ್ಪನ ಸುತ್ತ, ಒದ್ದೆ ಸಿಮೆಂಟು ಬಿಟ್ಟರೆ ಏನೂ ಇರಲಿಲ್ಲ.