ಹಾಗೊಬ್ಬ ಇಲ್ಲಿಗೆ ಬಂದಿಲ್ಲ

2025ರ ಸೆಪ್ಟೆಂಬರ್ 15, ಸೋಮವಾರ. ಬೆಳಿಗ್ಗೆ 10.20ಕ್ಕೆ ತೆಲುಗು ನಾಡಿನ ರಾಜಧಾನಿಯಲ್ಲಿ, ಉಪ್ಪಲ್ ಕಡೆಯ ಠಾಣೆಯೊಂದಕ್ಕೆ ಲಿಖಿತ ದೂರು ಬಂತು. ತಂದವರು ಮಾಹಿತಿ ಸಂಗ್ರಹ ನಿರ್ದೇಶನಾಲಯದ ಉಪನಿರ್ದೇಶಕ ಪವನ ಕುಮಾರ್. ಹೆಸರು ಕೇಳಿದರೆ ಗ್ರಂಥಾಲಯವೇನೋ ಅನ್ನಿಸಬೇಕು, ಕೆಲಸ ಮಾತ್ರ ಗುಪ್ತಚರರದು. ಅಲ್ಲಿನ ದಾಖಲೆ ಕೋಣೆಯಿಂದ 2017ರ ವಿಚಾರಣಾ ರಿಜಿಸ್ಟರ್, ಸಂಖ್ಯೆ 41, ಕಳುವಾಗಿದೆ, ಅದರ ಮೂರು ಪುಟಗಳ ಫೋಟೊ ಶನಿವಾರ ಟಿವಿಯಲ್ಲಿ ಬಂದಿದೆ ಎಂದು ದೂರಿನಲ್ಲಿತ್ತು.

ಆ ಮೂರು ಪುಟಗಳನ್ನು ಇನ್‌ಸ್ಪೆಕ್ಟರ್ ಬಸವಲಿಂಗಪ್ಪನವರೂ ನೋಡಿದ್ದರು. ಯಾರನ್ನು ಎಷ್ಟು ಗಂಟೆ ನಿಲ್ಲಿಸಲಾಯಿತು, ಯಾರಿಗೆ ಎಷ್ಟು ಹೊತ್ತು ನೀರು ಕೊಡಲಿಲ್ಲ, ಡಾಕ್ಟರನ್ನು ಯಾವಾಗ ಕರೆಸಲಾಯಿತು ಎಂಬುದೆಲ್ಲ ಮುದ್ದಾದ ಅಕ್ಷರದಲ್ಲಿ ಬರೆದಿತ್ತು. ಹೆಸರುಗಳ ಮೇಲೆ ಚಾನೆಲ್ಲಿನವರು ಮಸುಕು ಬಳಿದಿದ್ದರು. ಆ ಕಾಲದಲ್ಲಿ ವಿಚಾರಣಾ ಘಟಕ ನಡೆಸುತ್ತಿದ್ದ ಕೌಶಲ್ ವರ್ಮ ಎಂಬ ಅಧಿಕಾರಿಯನ್ನೇ ಈಗ ಇಡೀ ನಿರ್ದೇಶನಾಲಯದ ಮುಖ್ಯಸ್ಥರನ್ನಾಗಿ ಮಾಡುವ ಮಾತು ನಡೆದಿತ್ತು. ಗುರುವಾರ ವಿಧಾನಸಭೆಯಲ್ಲಿ ಚರ್ಚೆ. ಹಿಂಸಿಸುವವನಿಗೆ ಕುರ್ಚಿಯೇ ಎಂದು ವಿರೋಧ ಪಕ್ಷ ಕೂಗುತ್ತಿತ್ತು, ಊರನ್ನು ಬಾಂಬಿನಿಂದ ಉಳಿಸಿದವನು ಎಂದು ಆಡಳಿತ ಪಕ್ಷ ಎದೆ ತಟ್ಟುತ್ತಿತ್ತು. ಐದು ವರ್ಷದ ಹಿಂದೆ ಇವರು ಅವರ ಮಾತು ಆಡುತ್ತಿದ್ದರು, ಅವರು ಇವರದನ್ನು. ಮಸುಕಿನ ಹಿಂದೆ ಇರುವ ಹೆಸರು ಯಾರದೆಂದು ಮಾತ್ರ ಎರಡೂ ಕಡೆಯವರು ಕೇಳಲಿಲ್ಲ.

11.05ಕ್ಕೆ ಎಫ್‌ಐಆರ್ ದಾಖಲಾಯಿತು. ಕಳ್ಳಿ ಯಾರೆಂಬುದನ್ನೂ ಪವನ ಕುಮಾರ್ ಜೊತೆಗೇ ತಂದಿದ್ದರು. ಶ್ರೀಲಕ್ಷ್ಮಿ ಎಂಬ ಕಿರಿಯ ಗುಮಾಸ್ತೆಯ ಬಳಿ ದಾಖಲೆ ಕೋಣೆಯ ಬೀಗದ ಕೈ ಇದೆ, ಅವಳ ಅಣ್ಣ ವಿರೋಧ ಪಕ್ಷದ ಕಚೇರಿಯಲ್ಲಿದ್ದಾನೆ, ಸಂಜೆಯೊಳಗೆ ಬಂಧಿಸಿದರೆ ಗುರುವಾರ ಸರ್ಕಾರಕ್ಕೆ ಉತ್ತರ ಸಿಕ್ಕಂತಾಗುತ್ತದೆ ಎಂದರು. ಬಸವಲಿಂಗಪ್ಪ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿಯಲ್ಲ. ಮೊದಲು ಜಾಗ ನೋಡೋಣ ಎಂದು ಟೋಪಿ ಎತ್ತಿಕೊಂಡರು.

ಅವರು ಗಡಿಯ ಜಹೀರಾಬಾದ್ ಕಡೆಯವರು. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ತೆಲುಗು, ಸಾಹೇಬರ ಮುಂದೆ ಇಂಗ್ಲಿಷು. ಹೆಡ್ ಕಾನ್‌ಸ್ಟೆಬಲ್ ರೇಣುಕಾ ಕೂಡ ಗಡಿಯ ನಾರಾಯಣಪೇಟೆಯವಳಾದ್ದರಿಂದ ಇಬ್ಬರೇ ಇದ್ದಾಗ ಜೀಪಿನೊಳಗೆ ಕನ್ನಡವೇ ನಡೆಯುತ್ತಿತ್ತು.

12.40ಕ್ಕೆ ಪಂಚನಾಮೆ ಶುರುವಾಯಿತು. ಬಾಗಿಲು, ಬೀಗ, ಕಿಟಕಿ ಯಾವುದಕ್ಕೂ ಗಾಯವಿಲ್ಲ. ಕಬ್ಬಿಣದ ಕಪಾಟುಗಳನ್ನು ತೋರಿಸಿದವರು ದಾಖಲೆಪಾಲಕ ದ್ಯಾವಪ್ಪ. ಶಹಾಪುರದ ಕಡೆಯವರು, ಅರವತ್ತು ವರ್ಷ, ನಿವೃತ್ತಿಗೆ ನಾಲ್ಕು ತಿಂಗಳು ಬಾಕಿ. ಎರಡನೆಯ ಬೀಗದ ಕೈ ಇವರದು. ಇನ್‌ಸ್ಪೆಕ್ಟರ್ ಕನ್ನಡದಲ್ಲಿ ಮಾತಾಡಿಸಿದಾಗ ಮುದುಕನ ಮುಖ ಒಂದು ಕ್ಷಣ ಅರಳಿ, ಆಮೇಲೆ ಯಾಕೋ ಬಾಡಿತು.

ಮೂರನೆಯ ಸಾಲಿನಲ್ಲಿ 40 ಮತ್ತು 42ರ ನಡುವೆ ರಿಜಿಸ್ಟರ್ ಇರಲಿಲ್ಲ, ಅದರ ಜಾಗದಲ್ಲಿ ಕೆಂಪು ಅಂಚಿನ ರಟ್ಟಿನ ಚೀಟಿ ನಿಂತಿತ್ತು. ಯಾವ ದಾಖಲೆ ಕಪಾಟಿನಿಂದ ಹೊರಬಂದರೂ ಅದರ ಜಾಗದಲ್ಲಿ ಇಂಥ ಚೀಟಿ ಇಡುವುದು ಅಲ್ಲಿನ ಪದ್ಧತಿ. ಚೀಟಿಯಲ್ಲಿ ಸಂಖ್ಯೆ 41 ಎಂದಿತ್ತು, ಸೆಪ್ಟೆಂಬರ್ 11, ಸಂಜೆ 4.15 ಎಂದಿತ್ತು. ತೆಗೆದುಕೊಂಡವರ ಹೆಸರಿನ ಮುಂದೆ ಏನೂ ಇರಲಿಲ್ಲ. ಬಸವಲಿಂಗಪ್ಪ ಅದನ್ನು ಎಳೆಯಲು ಕೈ ಚಾಚಿದರು.

“ತೆಗೀಬ್ಯಾಡ್ರಿ ಸರ್,” ಎಂದರು ದ್ಯಾವಪ್ಪ, ಮೇಷ್ಟರು ಹುಡುಗರನ್ನು ತಡೆಯುವ ಹಾಗೆ. “ರಿಜಿಸ್ಟರ್ ತಿರುಗಿ ಬರೂತನಕ ಅದು ಅಲ್ಲೇ ಇರಬೇಕು.”

ಇನ್‌ಸ್ಪೆಕ್ಟರ್ ಕೈ ಹಿಂದಕ್ಕೆ ತೆಗೆದುಕೊಂಡು ಚೀಟಿಯ ಫೋಟೊ ತೆಗೆಸಿದರು. ಜೀಪು ಹತ್ತಿದ ಮೇಲೆ ರೇಣುಕಾ ಬಾಯಿ ಬಿಟ್ಟಳು.

“ಅದು ತಿರುಗಿ ಬರತೈತಿ ಅಂತ ಆ ಮನುಷ್ಯಾಗ ಹೆಂಗ ಗೊತ್ತರಿ?”

“ಕದ್ದವರು ಚೀಟಿ ಇಟ್ಟು ಹೋಗೂದಿಲ್ಲ, ರೇಣುಕಾ,” ಎಂದರು ಬಸವಲಿಂಗಪ್ಪ. ಕಳ್ಳ ಸಿಕ್ಕಾಗ ಆಗಬೇಕಾದ ಖುಷಿ ಅವರಿಗೆ ಆಗಲಿಲ್ಲ.

ಮಂಗಳವಾರ ಬೆಳಿಗ್ಗೆ ನಿರ್ದೇಶನಾಲಯದಿಂದ ಎರಡು ವಸ್ತು ತರಿಸಿದರು. ಒಂದು, ಹಳೆಯ ದಾಖಲೆ ಸುಡುವ ಆದೇಶ. ಸೆಪ್ಟೆಂಬರ್ 10ರಂದು ಸಹಿಯಾಗಿತ್ತು. 20ರಂದು ಸುಡಬೇಕಾದ ರಿಜಿಸ್ಟರುಗಳ ಪಟ್ಟಿಯಲ್ಲಿ 41 ಇತ್ತು. ಇನ್ನೊಂದು, ಗೇಟಿನ ಸಂದರ್ಶಕರ ಪುಸ್ತಕಗಳು. ರೇಣುಕಾ ಮಧ್ಯಾಹ್ನದ ಊಟ ಬಿಟ್ಟು ಅವನ್ನು ತಿರುವಿದಳು. 2017ರಿಂದ ಪ್ರತಿ ಮಾರ್ಚ್ ತಿಂಗಳಲ್ಲೂ ಒಂದು ಹೆಬ್ಬೆಟ್ಟು ಇತ್ತು, ಒಟ್ಟು ಒಂಬತ್ತು. ಹೆಸರು ಯಂಕಮ್ಮ, ಕೂಕಟ್‌ಪಲ್ಲಿಯಲ್ಲಿ ಕಟ್ಟಡ ಕೂಲಿ. ಬಂದ ಕಾರಣ, ಗಂಡ ಮೌನಪ್ಪನ ವಿಚಾರ. ಕಂಡದ್ದು ದ್ಯಾವಪ್ಪನವರನ್ನು. ಕೊಟ್ಟ ಉತ್ತರದ ಕಾಲಂನಲ್ಲಿ ಒಂಬತ್ತು ಸಲವೂ ಒಂದೇ ಸಾಲು: ಹಾಗೊಬ್ಬ ಇಲ್ಲಿಗೆ ಬಂದಿಲ್ಲ.

ಸಂಜೆ ಪವನ ಕುಮಾರ್ ಫೋನ್ ಮಾಡಿದರು. ಯಾರ ಮೇಲೆ ಅನುಮಾನವಿದ್ದರೂ ಎರಡು ಗಂಟೆ ನಮ್ಮ ಹುಡುಗರ ಕೈಗೆ ಕೊಡಿ, ರಿಜಿಸ್ಟರ್ ಎಲ್ಲಿದೆಯೆಂದು ಕಕ್ಕಿಸುತ್ತೇವೆ ಎಂದರು. ಅಂಥ ಎರಡು ಗಂಟೆಗಳ ವಿಚಾರವೇ ಅಲ್ಲವೇ ಸರ್ ಆ ರಿಜಿಸ್ಟರಿನಲ್ಲಿ ಇರುವುದು ಎಂದು ಬಸವಲಿಂಗಪ್ಪ ಕೇಳಿದರು. ಆ ಕಡೆಯಿಂದ ಸಂಪರ್ಕ ಕಡಿತವಾಯಿತು. ಇನ್ನು ಬಡ್ತಿಯ ಆಸೆ ಬಿಟ್ಟ ಹಾಗೆಯೇ ಎಂದು ಅವರು ರೇಣುಕಾಳ ಮುಂದೆ ನಕ್ಕರು.

ಬುಧವಾರ 9.30ಕ್ಕೆ ಬರುವಂತೆ ನೋಟಿಸು ಹೋಗಿತ್ತು. ದ್ಯಾವಪ್ಪ 9.10ಕ್ಕೇ ಬಂದರು. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಬಿಪಿ ಮಾತ್ರೆ, ಕನ್ನಡಕದ ಡಬ್ಬಿ. ಎಲ್ಲಿಗೆ ಹೊರಟಿದ್ದೇನೆಂದು ಅವರಿಗೆ ತಿಳಿದಿತ್ತು. ಚಹಾ ತರಿಸಿ ಎದುರು ಕೂಡಿಸಿಕೊಂಡು ಇನ್‌ಸ್ಪೆಕ್ಟರ್ ಕೇಳಿದರು.

“ರಿಜಿಸ್ಟರ್ ಎಲ್ಲೈತಿ?”

“ಅಲ್ಲೇ ಐತ್ರಿ. ಜೀಪಿನ ಹಳೇ ಲಾಗ್‌ಬುಕ್ಕಿನ ಕಟ್ಟಿನ್ಯಾಗ. ಹೊರಗ ಒಯ್ದಿಲ್ಲ.”

“ಟಿವಿಯವರಿಗೆ ಕಳಿಸಿದ್ದು?”

“ನಾನು. ಆ ಹುಡುಗಿ ಶ್ರೀಲಕ್ಷ್ಮಿಗೆ ಏನೂ ಗೊತ್ತಿಲ್ರಿ.”

“ಚೀಟಿ ಯಾಕ ಇಟ್ರಿ?”

ದ್ಯಾವಪ್ಪ ತಮ್ಮ ಕೈಗಳನ್ನು ನೋಡಿಕೊಂಡರು. “ನೌಕರಿಗೆ ಮೂವತ್ನಾಕು ವರ್ಷ ಆತ್ರಿ. ಖಾಲಿ ಬಿಡಾಕ ಕೈ ಬರಲಿಲ್ಲ.”

ಉಳಿದದ್ದನ್ನು ಅವರು ತಾವಾಗಿಯೇ ಹೇಳಿದರು. ಮೌನಪ್ಪ ಗಾರೆ ಕೆಲಸದವನು. ಯಾರದೋ ಫೋನಿನಲ್ಲಿ ಅವನ ನಂಬರು ಇತ್ತೆಂದು 2017ರ ಮಾರ್ಚಿನಲ್ಲಿ ಹಿಡಿದು ತಂದಿದ್ದರು. ನಾಲ್ಕನೆಯ ದಿನ ಯಂಕಮ್ಮ ಗೇಟಿಗೆ ಬಂದಳು. ಅವಳಿಗೆ ತೆಲುಗು, ಹಿಂದಿ ಬಾರದು. ನಿಮ್ಮ ಭಾಷೆಯವಳು, ನೀವೇ ಹೇಳಿ ಕಳಿಸಿ ಎಂದು ಸಾಹೇಬರು ದ್ಯಾವಪ್ಪನನ್ನು ಕರೆಸಿದರು. ಹಾಗೊಬ್ಬ ಬಂದಿಲ್ಲ ಎಂದು ಸಾಹೇಬರು ಹೇಳಿದ್ದನ್ನೇ ದ್ಯಾವಪ್ಪ ನಂಬಿ ಅವಳಿಗೆ ಹೇಳಿದರು. ಡಿಸೆಂಬರಿನಲ್ಲಿ ರಿಜಿಸ್ಟರುಗಳು ದಾಖಲೆ ಕೋಣೆಗೆ ಬಂದವು. ನಂಬರು ಹಾಕುವಾಗ ಪುಟ ತೆರೆದರೆ ಮೌನಪ್ಪನ ಹೆಸರು ಕಂಡಿತು. ಮೂರನೆಯ ದಿನ, 4.10, ಪ್ರತಿಕ್ರಿಯೆ ಇಲ್ಲ. 5.00, ದೇಹ ಸಾಗಿಸಲಾಗಿದೆ.

“ಮೊದಲನೇ ಸಲ ನನಗ ಗೊತ್ತಿರಲಿಲ್ರಿ. ಆಮ್ಯಾಲ ಎಂಟು ಸಲ ಗೊತ್ತಿದ್ದು ಹೇಳೀನಿ,” ಎಂದರು ದ್ಯಾವಪ್ಪ. “ಪ್ರತಿ ಸಲ ಆಕಿ ಒಂದಽ ಮಾತು ಕೇಳತಿದ್ದಳು. ಕೈಯಾಗಿನ ಬಳಿ ಇರಲೇನ್ರಿ ಅಣ್ಣಾರ, ಅಂತ. ಇರಲಿ ತಂಗಿ ಅಂತಿದ್ದೆ.”

ರೇಣುಕಾ ಹೇಳಿಕೆ ಬರೆದುಕೊಳ್ಳುವುದನ್ನು ನಿಲ್ಲಿಸಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

12.50ಕ್ಕೆ ಪಂಚರ ಸಮಕ್ಷಮ ಲಾಗ್‌ಬುಕ್ಕುಗಳ ಕಟ್ಟು ಬಿಚ್ಚಿ ರಿಜಿಸ್ಟರ್ ಜಪ್ತಿ ಮಾಡಲಾಯಿತು. ಪವನ ಕುಮಾರ್ ಅದನ್ನು ಅಲ್ಲೇ ಒಪ್ಪಿಸಿಬಿಡಿ ಎಂದರು. ಜಪ್ತಿಯಾದ ಮಾಲು ನ್ಯಾಯಾಲಯಕ್ಕೆ ಹೋಗಬೇಕು, ಇನ್ನು ಅದನ್ನು ಸುಡುವ ಅಧಿಕಾರ ಯಾರಿಗೂ ಇಲ್ಲ ಎಂದು ಬಸವಲಿಂಗಪ್ಪ ತಿಳಿಸಿದರು. ದ್ಯಾವಪ್ಪ ಒಂದು ಪೆನ್ನು ಕೇಳಿ ಪಡೆದರು. ಕೆಂಪು ಅಂಚಿನ ಚೀಟಿಯಲ್ಲಿ ಖಾಲಿ ಬಿಟ್ಟಿದ್ದ ಕಡೆ ತಮ್ಮ ಹೆಸರು ಬರೆದು, ಕೆಳಗೆ ‘ನ್ಯಾಯಾಲಯಕ್ಕೆ’ ಎಂದು ಸೇರಿಸಿ, ಮತ್ತೆ ಅದರ ಜಾಗದಲ್ಲೇ ಇಡಿ ಎಂದು ಇನ್‌ಸ್ಪೆಕ್ಟರರ ಕೈಗೆ ಕೊಟ್ಟರು.

2.30ಕ್ಕೆ ಬಂಧನ. ಬಂಧನದ ಸುದ್ದಿಯನ್ನು ಆರೋಪಿ ಹೇಳಿದವರಿಗೆ, ಕಾರಣ ಸಹಿತ ಮುಟ್ಟಿಸಬೇಕು ಎಂಬುದು ನಿಯಮ. ಯಾರಿಗೆ ತಿಳಿಸಬೇಕೆಂದು ಬಸವಲಿಂಗಪ್ಪ ಕೇಳಿದರು. ದ್ಯಾವಪ್ಪನವರ ಹೆಂಡತಿ ಸುಭದ್ರಾ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿಲ್ಲ.

“ಯಂಕಮ್ಮ ಅಂತ ಬರೀರಿ.”

ಪೆನ್ನು ನಿಂತಿತು.

“ಟಿವಿ ನೋಡಿದ್ರೂ ಆಕಿಗೆ ತಿಳಿಯೂದಿಲ್ರಿ, ಹೆಸರಽ ಅಳಿಸಿ ತೋರಿಸ್ಯಾರ. ಒಂಬತ್ತು ಸಲ ಸುಳ್ಳು ಹೇಳಿದ ಬಾಯಿ ಇದು. ಖರೇ ಹೇಳಾಕ ಆಕಿ ಗುಡಿಸಲತನಕ ಎರಡು ಸಲ ಹೋಗಿ ತಿರುಗಿ ಬಂದೀನಿ. ನೀವು ನಮ್ಮ ಮಾತು ಬಲ್ಲವರು.”

ಕೂಕಟ್‌ಪಲ್ಲಿಗೆ ಹೋಗುವ ದಾರಿಯಲ್ಲಿ ಮೇಲಿನಿಂದ ಮೆಸೇಜು ಬಂತು. ಸೋರಿಕೆ ಮಾಡಿದವನು ಸಿಕ್ಕಿದ್ದರಿಂದ ವಿವಾದ ಮುಗಿಯಿತು, ನಾಳೆ ಕೌಶಲ್ ವರ್ಮ ಅವರ ನೇಮಕದ ಆದೇಶ ಹೊರಬೀಳಲಿದೆ, ಠಾಣೆಗೆ ಅಭಿನಂದನೆ. ಬಸವಲಿಂಗಪ್ಪ ಅದನ್ನು ರೇಣುಕಾಗೆ ತೋರಿಸಿ ಫೋನು ಜೇಬಿಗೆ ಹಾಕಿದರು.

5.10ಕ್ಕೆ ತಲುಪಿದರು. ಅರ್ಧ ಎದ್ದ ಹತ್ತು ಅಂತಸ್ತಿನ ಕಟ್ಟಡದ ಕೆಳಗೆ ಯಂಕಮ್ಮ ಮರಳು ಸಾಣಿಸುತ್ತಿದ್ದಳು. ನಲವತ್ತರ ಹೆಂಗಸು, ಹಣೆಯಲ್ಲಿ ಕುಂಕುಮ, ಎರಡೂ ಕೈಗೆ ಹಸಿರು ಬಳೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬಸವಲಿಂಗಪ್ಪ ಎಷ್ಟೋ ಮನೆಗಳ ಬಾಗಿಲಿಗೆ ಸಾವಿನ ಸುದ್ದಿ ಒಯ್ದಿದ್ದರು, ಅವತ್ತೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ದ್ಯಾವಪ್ಪನ ಬಂಧನ, ರಿಜಿಸ್ಟರು, ಅದರಲ್ಲಿದ್ದ ಹೆಸರು, ಅವನ ಸಾವು, ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಅವಳು ಜರಡಿ ಕೆಳಗಿಡದೆ ಕೇಳಿದಳು.

“ಅಲ್ಲಿಗೆ ಬಂದಿದ್ದನೇನ್ರಿ?”

“ಬಂದಿದ್ದ, ಯವ್ವಾ.”

“ಎಷ್ಟು ದಿನ?”

“ಮೂರು.”

ಮೇಲೆಲ್ಲೋ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು. ಅವಳು ಜರಡಿಯನ್ನು ಮರಳಿನ ಮೇಲಿಟ್ಟಳು.

“ಹಂಗಾದ್ರ ನನ್ನ ಬಿಟ್ಟು ಹೋಗಿಲ್ಲ,” ಎಂದಳು.

ಮುಂಬೈಯಲ್ಲಿ ಬೇರೆಯವಳನ್ನು ಇಟ್ಟುಕೊಂಡಿದ್ದಾನೆ ಎಂದು ಊರಿನವರು ಎಂಟು ವರ್ಷ ಆಡಿಕೊಂಡಿದ್ದರು. ಅತ್ತೆ, ಗಂಡನನ್ನು ಉಳಿಸಿಕೊಳ್ಳಲು ಬಾರದವಳು ಎಂದು ಹೊರಗೆ ಹಾಕಿದ್ದಳು. ಕೆಲವು ದಿನ ಅವಳೂ ಅದನ್ನು ನಂಬಿ ಅವನನ್ನು ಬಾಯಿಗೆ ಬಂದಂತೆ ಬೈದಿದ್ದಳು. ಈಗ ಅದನ್ನೆಲ್ಲ ಹೇಳುತ್ತ ಹೇಳುತ್ತ ಕುಸಿದು ಕುಳಿತು ಅತ್ತಳು. ರೇಣುಕಾ ಖಾಕಿಯಲ್ಲೇ ಮರಳಿನ ಮೇಲೆ ಅವಳ ಪಕ್ಕ ಕುಳಿತಳು.

ಅಳು ನಿಂತ ಮೇಲೆ ಯಂಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಸೂಚನಾ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿದಳು. ಆರೋಪಿಗೂ ಅವಳಿಗೂ ಏನು ಸಂಬಂಧ ಎಂಬ ಕಾಲಂ ಉಳಿದಿತ್ತು. ಏನು ಬರೆಯಲಿ ಎಂದು ಬಸವಲಿಂಗಪ್ಪ ಮೆಲ್ಲಗೆ ಕೇಳಿದರು.

ಅವಳು ಬಳೆಗಳನ್ನು ಮೊಳಕೈತನಕ ಸರಿಸಿದಳು, ಮತ್ತೆ ಇಳಿಬಿಟ್ಟಳು.

“ಅಣ್ಣಾರ ಅಂತಿದ್ದೆ,” ಎಂದಳು. “ಈಗ ಗೊತ್ತಿಲ್ರಿ. ಖಾಲಿ ಬಿಡ್ರಿ.”

ಅವರು ವೇಳೆ ಮಾತ್ರ ಬರೆದರು, 5.40. ಆ ಒಂದು ಕಾಲಂ ಖಾಲಿಯೇ ಉಳಿಯಿತು.