ಹೆಸರು ಕೆತ್ತದ ಬಳೆ

ಹಳೆಯ ಕತ್ತಿಯ ಹಿಡಿ ನೋಡಲು ಬಗ್ಗಿದ ಶಿಜುನೊ, ತೋಮೊಯಾನ ತೋಳಿನ ಮೇಲೆ ಕೈಯಿಟ್ಟಳು. ಇಟ್ಟ ಕೈಯನ್ನು ತೆಗೆಯಲೇ ಇಲ್ಲ...

ತೋಮೊಯಾನ ಕೆಲಸದ ಕೋಣೆಯ ಬಾಗಿಲಲ್ಲಿ ಚಹಾ ತಟ್ಟೆ ಹಿಡಿದು ನಿಂತಿದ್ದ ಚಿಗುಸಾಳ ಎದೆಗೆ ಯಾರೋ ಕೆಂಡ ಸುರಿದಂತಾಯಿತು.

ಶಿಜುನೊ ಕನಜಾವಾ ಪಟ್ಟಣದ ಸಿರಿವಂತರ ಮಗಳು. ಕತ್ತಿ ಅವರ ಮುತ್ತಜ್ಜನ ಕಾಲಕ್ಕಿಂತಲೂ ಹಳೆಯದು. ಅಲಗು ಇನ್ನೂ ಹೊಳೆಯುತ್ತಿತ್ತು, ಆದರೆ ಹಿಡಿಗೆ ಸುತ್ತಿದ ರೇಷ್ಮೆ ಪಟ್ಟಿ ಹರಿದಿತ್ತು, ಹಿಡಿಯ ಬಾಯಿಗೆ ತೊಡಿಸುವ ಲೋಹದ ಬಳೆ ಕಳೆದಿತ್ತು. ಅಂಥ ಬಳೆ ಮಾಡುವುದರಲ್ಲಿ ತೋಮೊಯಾ ಎತ್ತಿದ ಕೈ. ಹಿಡಿ ಸುತ್ತುವ ಕೆಲಸ ಪಕ್ಕದ ಹಿಬಿನೊ ಮನೆಯವರದು. ಆ ಮನೆಗೆ ಒಬ್ಬಳೇ ಮಗಳು ಚಿಗುಸಾ.

"ನೀವೇನಾ ಸುತ್ತೋದು? ಬೆರಳು ಎಷ್ಟು ತೆಳ್ಳಗಿವೆ," ಎಂದು ಶಿಜುನೊ ನಕ್ಕಳು.

"ಚಹಾ ಆರುತ್ತೆ," ಎಂದಳು ಚಿಗುಸಾ.

ಆಮೇಲೆ ಶಿಜುನೊ ಬರುವುದು ಹೆಚ್ಚಾಯಿತು. ಬಂದಾಗಲೆಲ್ಲ ತೋಮೊಯಾನಿಗೆ ಸಿಹಿ ತಿಂಡಿಯ ಡಬ್ಬ. ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಚಿಗುಸಾಳ ಸೋದರತ್ತೆ ಕಿನು ಇದ್ದೇ ಇದ್ದಳು.

"ಅವರ ಮನೇಲಿ ಗಂಡುಮಕ್ಕಳಿಲ್ಲ ಕಣೇ. ತೋಮೊಯಾ ಮೂರನೇ ಮಗ, ಮನೆ ಅಳಿಯ ಆಗೋಕೆ ಹೇಳಿ ಮಾಡಿಸಿದ ಹುಡುಗ. ಅವರ ಮನೆ ಹೆಸರು ಇಟ್ಕೊಂಡು ಹೊರಟೇಬಿಡ್ತಾನೆ, ನೋಡ್ತಿರು."

ನಮ್ಮ ಮನೆಯಲ್ಲೂ ಗಂಡುಮಕ್ಕಳಿಲ್ಲವಲ್ಲ ಅತ್ತೆ... ಮಾತು ನಾಲಿಗೆಯ ತುದಿಗೆ ಬಂದಿತ್ತು. ಚಿಗುಸಾ ನುಂಗಿಕೊಂಡಳು.

ಒಂದು ಬೆಳಿಗ್ಗೆ ತೋಮೊಯಾ ಬಳೆ ತಂದುಕೊಟ್ಟ. ಕಬ್ಬಿಣದಲ್ಲಿ ಕೊರೆದ, ಗಾಳಿಗೆ ಬಾಗಿದ ಹುಲ್ಲು, ಅದರ ಮೇಲೆ ಬೆಳ್ಳಿಯ ಇಬ್ಬನಿ. ಅವಳು ತಿರುಗಿಸಿ ನೋಡಿದಳು. ತನ್ನ ಮನೆ ಹೆಸರು ಸೇರಿಸಿ 'ಕುಜೆ ತೋಮೊಯಾ' ಎಂದು ಅವನು ಯಾವಾಗಲೂ ಕೆತ್ತುವ ಜಾಗ ಬರಿದಾಗಿತ್ತು.

"ಹೆಸರೆಲ್ಲಿ?"

"ಆಮೇಲೆ ಕೆತ್ತುತ್ತೀನಿ." ಅವನ ಕಿವಿ ಕೆಂಪಾಯಿತು. "ಯಾವ ಹೆಸರು ಅಂತ... ಇನ್ನೂ ತೀರ್ಮಾನ ಆಗಿಲ್ಲ."

ಚಿಗುಸಾ ಬಳೆಯನ್ನು ಕೆಳಗಿಟ್ಟಳು. ಹಾಗಾದರೆ ಅತ್ತೆ ಹೇಳಿದ್ದು ನಿಜ. ಅವನು ಹೊರಟಿದ್ದಾನೆ.

ಅಂದೇ ಅವಳು ಸುತ್ತಲು ಕುಳಿತಳು. ತೊರಕೆ ಮೀನಿನ ಚರ್ಮ ಹೊದಿಸಿದ ಹಿಡಿ, ಅದರ ಎರಡೂ ಬದಿಗೆ ಒಂದೊಂದು ಪುಟ್ಟ ಚಿನ್ನದ ಕೊಕ್ಕರೆ, ಅವುಗಳ ಮೇಲೆ ರೇಷ್ಮೆ ಪಟ್ಟಿ. ಪಟ್ಟಿಯ ಎರಡು ಎಳೆ ಒಂದನ್ನೊಂದು ದಾಟುವಾಗ ಒಮ್ಮೆ ಎಡದ್ದು ಮೇಲೆ ಬಂದರೆ ಮುಂದಿನ ಸಲ ಬಲದ್ದು ಮೇಲೆ ಬರಬೇಕು. ಕೈ ಸಡಿಲ ಬಿಟ್ಟರೆ ಮತ್ತೆ ಮೊದಲಿನಿಂದ ಶುರು.

ಪಕ್ಕದ ಮನೆಯಲ್ಲಿ ಶಿಜುನೊಳ ದನಿ. ಬೆನ್ನಿಗೇ ತೋಮೊಯಾನ ನಗು. ಎದ್ದು ಹೋಗಿ ನೋಡೋಣವೆಂದರೆ ಕೈಯಲ್ಲಿ ಬಿಗಿದ ಪಟ್ಟಿ.

ನಗಲಿ. ನನಗೇನಂತೆ? ಎಂದುಕೊಂಡಳು. ಕಣ್ಣು ಮಾತ್ರ ತುಂಬಿ ಬಂತು.

ಕೆಲಸ ಮುಗಿದ ಮೇಲೆ ಶಿಜುನೊ ಹಿಡಿಯನ್ನು ಒಯ್ಯಲು ಹಿಬಿನೊ ಮನೆಗೆ ಬಂದಳು. ತೋಮೊಯಾನೂ ಜೊತೆಗಿದ್ದ.

"ಎಷ್ಟು ಚೆನ್ನಾಗಿದೆ," ಎಂದಳು ಶಿಜುನೊ.

ತೋಮೊಯಾ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದ. ಕೊಕ್ಕರೆಯ ಬಳಿ ಬೆರಳು ನಿಂತಿತು.

"ಇದನ್ನ ಇವತ್ತು ಕೊಡೋಕಾಗಲ್ಲ. ಇಲ್ಲಿ ಎರಡು ಸಲವೂ ಎಡವೇ ಮೇಲೆ ಬಂದಿದೆ." ಅವನು ಚಿಗುಸಾಳತ್ತ ತಿರುಗಿದ. "ನಿನ್ನ ಕೈ ಯಾವತ್ತೂ ತಪ್ಪಿದ್ದಿಲ್ಲ. ಏನಾಯ್ತು?"

ಅದೂ ಆ ಹೆಂಗಸಿನ ಎದುರಿಗೆ! ಚಿಗುಸಾಳ ತಾಳ್ಮೆಯ ಕಟ್ಟೆಯೊಡೆಯಿತು.

"ಏನಾಯ್ತು ಅಂತ ನನ್ನನ್ನ ಕೇಳ್ತೀಯಾ? ನೀವಿಬ್ರೂ ಅಲ್ಲಿ ಕೂತು ನಗ್ತಿದ್ರೆ ನನ್ನ ಕೈ ನೆಟ್ಟಗೆ ಹೇಗಿರುತ್ತೆ? ಹೋಗು, ಕನಜಾವಾಗೇ ಹೋಗು. ಅವರ ಮನೆ ಹೆಸರನ್ನೇ ಕೆತ್ಕೋ."

ಶಿಜುನೊ ನಿಧಾನವಾಗಿ ಎದ್ದಳು.

"ಮನೆ ಅಳಿಯನಾಗಿ ಬನ್ನಿ ಅಂತ ಇವರನ್ನ ನಾನು ಕರೆದಿದ್ದು ನಿಜ. ಆಗಲ್ಲ ಅಂದ್ರು. ಮನಸ್ಸು ಬದಲಾಗುತ್ತೇನೋ ಅಂತ ಮತ್ತೆ ಮತ್ತೆ ಬಂದೆ. ಬಂದಾಗೆಲ್ಲ ನಿಮ್ಮ ಮಾತೇ ಆಡಿ ನಗ್ತಿದ್ರು." ಅವಳು ಬಾಗಿಲ ಕಡೆ ತಿರುಗಿದಳು. "ಹೊಟ್ಟೆಕಿಚ್ಚು ನಿಮಗೊಬ್ರಿಗೇ ಅಂದ್ಕೋಬೇಡಿ. ಸರಿಯಾಗಿ ಸುತ್ತಿಡಿ, ಯಾರನ್ನಾದ್ರೂ ಕಳಿಸ್ತೀನಿ."

ಅವಳು ಹೋದ ಮೇಲೆ ಚಿಗುಸಾ ತಲೆ ತಗ್ಗಿಸಿಕೊಂಡೇ ಅತ್ತಳು.

"ಮತ್ತೆ... ಬಳೆ ಮೇಲೆ ಹೆಸರು?"

"ನಿಮ್ಮಪ್ಪನ ಹತ್ರ ಮಾತಾಡ್ದೆ," ಎಂದ ತೋಮೊಯಾ ನೆಲ ನೋಡುತ್ತಾ. "ಈ ಮನೆ ಅಳಿಯ ಆಗ್ತೀನಿ, ಹಿಬಿನೊ ಅಂತಲೇ ಹೆಸರಿಟ್ಕೊತೀನಿ ಅಂದೆ. ಮಗಳು ಒಪ್ಪಿದ್ರೆ ಆಗಲಿ ಅಂದ್ರು. ಮಗಳನ್ನ ಕೇಳೋಕೇ ಧೈರ್ಯ ಬರಲಿಲ್ಲ."

"ಕಬ್ಬಿಣ ಕೊರೆಯೋಕೆ ಮಾತ್ರ ಧೈರ್ಯ ಬರುತ್ತಾ?"

"ಕಬ್ಬಿಣ ಬೈಯಲ್ವಲ್ಲ."

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಕಣ್ಣೊರೆಸಿಕೊಂಡಳು.

"ನಮ್ಮನೆ ಮಿಸೊ ಸಾರಿಗೆ ಉಪ್ಪು ಜಾಸ್ತಿ. ಅಪ್ಪ ಕಮ್ಮಿ ಮಾಡೋಕೆ ಬಿಡಲ್ಲ."

"ಕುಡೀತೀನಿ."

"ಕಿನು ಅತ್ತೆ ದಿನಾ ಬರ್ತಾಳೆ."

ಅವನು ಸ್ವಲ್ಪ ಯೋಚಿಸಿದ. "ತಡ್ಕೋತೀನಿ. ಹಾಗಾದ್ರೆ... ಒಪ್ಪಿದ ಹಾಗೇನಾ?"

"ನೀನಿನ್ನೂ ನನ್ನನ್ನ ಕೇಳೇ ಇಲ್ಲ."

ತೋಮೊಯಾ ಚಾಪೆಯ ಮೇಲೆ ಮಂಡಿಯೂರಿ ನೆಟ್ಟಗೆ ಕುಳಿತ. ಬೆವರಿದ ಅಂಗೈಗಳನ್ನು ತೊಡೆಗೆ ಒರೆಸಿಕೊಂಡ.

"ಚಿಗುಸಾ... ನಿಮ್ಮನೆಗೆ ಬರ್ಲಾ?"

"ಬಾ," ಎಂದಳು ಅವಳು.